ಧೂಪ, ಹೊಗೆ, ಮರದ ಪರ್ಫ್ಯೂಮ್ ಹಾಕ್ಕೊಳ್ಳೋದು ಹೇಗೆ? ಮೊದಲು ನಿಮ್ಮ ಮೂಗನ್ನ ನಂಬೋದು ಬಿಡಿ

ಹೊಗೆ ಹೊಗೆ ಅನ್ನೋ, ಮೆಣಸು ಲವಂಗದ ಘಾಟಿರೋ, ಅಗರು ಗಂಧ ದೇವದಾರು ಥರ ಮರದ ಘಮ ಇರೋ ಪರ್ಫ್ಯೂಮ್ ಅಂದ ತಕ್ಷಣ ಎಲ್ರೂ ಕೇಳೋದು ಯಾವ್ದು ತಗೊಳ್ಳಲಿ ಅಂತ. ನನ್ ಪ್ರಕಾರ ಅದಕ್ಕಿಂತ ದೊಡ್ಡ ಪ್ರಶ್ನೆ ಎಷ್ಟು ಹಾಕ್ಬೇಕು, ಎಲ್ಲಿ ಹಾಕ್ಬೇಕು ಅನ್ನೋದು. ಯಾಕಂದ್ರೆ ಈ ಜಾತಿ ಪರ್ಫ್ಯೂಮ್‌ಗಳಲ್ಲಿ ಒಂದು ತೊಡಕಿದೆ, ಹಾಕ್ಕೊಂಡೋರ ಮೂಗು ಬೇಗ ಸುಮ್ಮನಾಗಿಬಿಡತ್ತೆ, ಪಕ್ಕದಲ್ಲಿ ಕೂತೋರ ಮೂಗಿಗೆ ಮಾತ್ರ ಸಂಜೆವರೆಗೂ ಹೊಡೀತಾನೇ ಇರತ್ತೆ. ನಿಂಬೆ ಕಿತ್ತಳೆ ಥರದ ಸಿಟ್ರಸ್ ಪರ್ಫ್ಯೂಮ್ ಆದ್ರೆ ಜಾಸ್ತಿ ಆದ್ರೂ ಒಂದೆರಡು ಗಂಟೇಲಿ ಹಾರಿಹೋಗತ್ತೆ, ಇದು ಹಾಗಲ್ಲ. ರಾಳ, ಮರ, ಟಾರ್ ಇವೆಲ್ಲ ಭಾರದ ಮಾಲಿಕ್ಯೂಲ್‌ಗಳು, ನಿಧಾನಕ್ಕೆ ಆವಿಯಾಗೋದು, ಚರ್ಮ ಬಟ್ಟೆ ಹಿಡ್ಕೊಂಡು ಕೂತುಬಿಡ್ತವೆ.

ಮೊದಲು ನಿಮ್ಮ ಕೈಲಿರೋದು ಯಾವ ಥರದ್ದು ಅಂತ ಗೊತ್ತು ಮಾಡ್ಕೊಳ್ಳಿ, ಯಾಕಂದ್ರೆ ಅಂಗಡೀಲಿ "ಸ್ಮೋಕಿ ವುಡಿ ಇನ್ಸೆನ್ಸ್" ಅಂತ ಒಂದೇ ಹೆಸರಲ್ಲಿ ನಾಲ್ಕು ಬೇರೆ ಬೇರೆ ಸ್ವಭಾವದವನ್ನ ಮಾರ್ತಾರೆ. ಫ್ರಾಂಕಿನ್ಸೆನ್ಸನ್ನೇ ತಗೊಳ್ಳಿ, ಬಾಟಲಿ ಮೇಲೆ ಓಲಿಬಾನಮ್ ಅಂತಾನೂ ಬರೀತಾರೆ. ಒಮಾನ್‌ನ ಧೋಫಾರ್, ಯೆಮೆನ್, ಸೊಮಾಲಿಯಾ ಕಡೆ ಬೆಳೆಯೋ ಬಾಸ್ವೆಲಿಯಾ ಮರದ ತೊಗಟೆ ಕೆತ್ತಿದ್ರೆ ಹಾಲು ಥರ ಅಂಟು ಬರತ್ತೆ, ಅದು ಒಣಗಿ ಗಟ್ಟಿಯಾದ್ರೆ ಈ ರಾಳ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಏನಂದ್ರೆ ಈ ರಾಳದಿಂದ ಆವಿ ಹಿಡಿದು ತೆಗೆದ ಎಣ್ಣೇಲಿ ಹೊಗೆ ವಾಸನೆ ಇರೋದೇ ಇಲ್ಲ. ಅದರಲ್ಲಿ ಆಲ್ಫಾ ಪೈನೀನ್, ಲಿಮೊನೀನ್ ಥರದ್ದು ಸಾಕಷ್ಟು ಇರೋದ್ರಿಂದ ನಿಂಬೆ ಸಿಪ್ಪೆ, ಪೈನ್ ಎಲೆ, ಸ್ವಲ್ಪ ಮೆಣಸು ಸೇರಿದಂಗೆ ತಣ್ಣಗೆ ಇರತ್ತೆ. ಆ ಹಳೇ ಕಲ್ಲಿನ ಕಟ್ಟಡದೊಳಗೆ ಕಾಲಿಟ್ಟಂಥ ಧೂಪದ ಗುಣ ಎಲ್ಲಿಂದ ಬರತ್ತೆ ಅಂತ ರಸಾಯನಶಾಸ್ತ್ರದವರಿಗೂ ಬಹಳ ಕಾಲ ಸರಿಯಾಗಿ ಗೊತ್ತಿರಲಿಲ್ಲ, 2016ರಲ್ಲಿ ಫ್ರಾನ್ಸ್‌ನ ಸಂಶೋಧಕರು ಓಲಿಬಾನಿಕ್ ಆಸಿಡ್ ಅಂತ ಎರಡು ಆಸಿಡ್‌ಗಳನ್ನ ಗುರುತಿಸಿದ್ರು. ಅಂದ್ರೆ ಬರೀ ಫ್ರಾಂಕಿನ್ಸೆನ್ಸ್ ಮೇಲೆ ನಿಂತಿರೋ ಪರ್ಫ್ಯೂಮ್ ತಿಳಿಯಾಗಿ, ಹಗುರಾಗಿ ಇರೋದೇ ಜಾಸ್ತಿ, ಧಾರಾಳವಾಗಿ ಹಾಕ್ಕೊಬಹುದು.

ನಿಜವಾದ ಹೊಗೆ ಬೇರೆ ಕಡೆಯಿಂದ ಬರತ್ತೆ. ಬರ್ಚ್ ಟಾರ್, ಅಂದ್ರೆ ಬರ್ಚ್ ಮರದ ತೊಗಟೇನ ಗಾಳಿ ಆಡದಂಗೆ ಸುಟ್ಟು ತೆಗೆಯೋ ಕಪ್ಪು ಟಾರು, ಅದೇ ಥರ ಜೂನಿಪರ್ ಕಟ್ಟಿಗೆಯಿಂದ ತೆಗೆಯೋ ಕೇಡ್ ಎಣ್ಣೆ. ಇವುಗಳಲ್ಲಿ ಗ್ವಾಯಕಾಲ್ ಅನ್ನೋ ಪದಾರ್ಥ ಇರತ್ತೆ, ಕಟ್ಟಿಗೆ ಸುಟ್ಟಾಗ ಹೊಗೇಲಿ ಬರೋದೂ ಅದೇ, ಹಾಗಾಗಿ ಮೂಗಿಗೆ ಇದು ಬೆಂಕಿ ಅಂತಲೇ ಗೊತ್ತಾಗತ್ತೆ. ಕಚ್ಚಾ ಟಾರಿನಲ್ಲಿ ಒಳ್ಳೇದಲ್ಲದ ಹೈಡ್ರೋಕಾರ್ಬನ್‌ಗಳಿರೋದ್ರಿಂದ ಇಫ್ರಾ (ಪರ್ಫ್ಯೂಮ್ ಉದ್ಯಮದ ಅಂತಾರಾಷ್ಟ್ರೀಯ ಸಂಘ) ನಿಯಮದ ಪ್ರಕಾರ ಶುದ್ಧ ಮಾಡಿದ್ದನ್ನ ಮಾತ್ರ ಪರ್ಫ್ಯೂಮ್‌ಗೆ ಬಳಸಬೇಕು. ಯಾರಾದ್ರೂ ನಾನೇ ಮನೇಲಿ ಮಾಡಿದ ಟಾರ್ ಪರ್ಫ್ಯೂಮ್ ಅಂತ ಕೊಟ್ರೆ ಮೈಗೆ ಹಚ್ಕೋಬೇಡಿ. ಇನ್ನು ಲಾವಂಚದ ಬೇರಿನ ಎಣ್ಣೇಲೂ ಹೊಗೆ ಇದೆ ಆದ್ರೆ ಒದ್ದೆ ಮಣ್ಣು ಸೇರಿದ ಹೊಗೆ, ನಾಗರಮೋಥ ಎಣ್ಣೇಲೂ ಹಾಗೇ, ಅದನ್ನ ಪರ್ಫ್ಯೂಮ್‌ನವರು ಸಿಪ್ರಿಯೋಲ್ ಅಂತಾರೆ, ಊದ್ (ಅಂದ್ರೆ ಅಗರು) ಹೆಸರಿನ ಎಷ್ಟೋ ಬಾಟಲಿಗಳಲ್ಲಿ ಆ ಗಾಢತನ ತರಕ್ಕೆ ಇದನ್ನೇ ಹಾಕಿರ್ತಾರೆ.

ಮಸಾಲೆ ಅಂದ್ರೆ ಎರಡು ಪಾರ್ಟಿ. ಕಾಳುಮೆಣಸು, ಪಿಂಕ್ ಪೆಪ್ಪರ್, ಏಲಕ್ಕಿ ಇವು ಮೊದಲರ್ಧ ಗಂಟೆ ಜೋರು ಮಾಡಿ ಹೊರಟುಹೋಗೋ ಗಿರಾಕಿಗಳು. ಲವಂಗ, ಚಕ್ಕೆ ಉಳ್ಕೊಳ್ತವೆ, ಮೈ ಚರ್ಮ ಸೂಕ್ಷ್ಮ ಇರೋರಿಗೆ ಇವೇ ಅಲರ್ಜಿ ಕೊಡೋದು, ಲೇಬಲ್ ಮೇಲೆ ಯೂಜಿನಾಲ್, ಸಿನಮಾಲ್ ಅಂತ ಇದ್ಯಾ ನೋಡಿ. ಜೀರಿಗೆ ನೋಟ್ (ಪರ್ಫ್ಯೂಮ್‌ನೊಳಗಿನ ಒಂದೊಂದು ಘಮಕ್ಕೂ ನೋಟ್ ಅಂತಾರೆ) ಇರೋದಾದ್ರೆ ಇನ್ನೂ ಹುಷಾರು, ಪೇಪರ್ ಮೇಲೆ ಸೊಗಸಾಗಿರತ್ತೆ, ಕೆಲವರ ಮೈ ಮೇಲೆ ಬಿದ್ರೆ ಬೆವರಿನ ವಾಸನೆ ಅನ್ನಿಸಿಬಿಡತ್ತೆ. ಇದು ಯಾರ ತಪ್ಪೂ ಅಲ್ಲ, ಆದ್ರೆ ಅದನ್ನ ಹಾಕ್ಕೊಂಡು ಮದುವೆಗೆ ಹೋಗೋ ಮುಂಚೆ ಒಂದ್ಸಲ ಮನೇಲಿದ್ದಾಗ ಹಾಕಿ ನೋಡೋದು ಒಳ್ಳೇದು.

ಮರದ ಕಡೆ ಬಂದ್ರೆ ಗಂಧ ಹಾಲಿನ ಥರ ಮೆತ್ತಗೆ, ಸೀಡರ್ ಒಣ ಒಣ, ಪೆನ್ಸಿಲ್ ಕೆತ್ತಿದ ಹಾಗೆ. ಅಂದಹಾಗೆ ಪೆನ್ಸಿಲ್‌ಗೆ ಬಳಸ್ತಿದ್ದ ವರ್ಜೀನಿಯಾ ಸೀಡರ್ ನಿಜಕ್ಕೂ ಸೀಡರ್ರೇ ಅಲ್ಲ, ಜೂನಿಪರ್ ಜಾತಿ. ಅಗರು ಅಥವಾ ಊದ್ ಅಂದ್ರೆ ಅಕ್ವಿಲೇರಿಯಾ ಮರಕ್ಕೆ ಗಾಯ ಆಗಿ ಫಂಗಸ್ ಹತ್ತಿದಾಗ ಮರ ತನ್ನನ್ನ ಕಾಪಾಡ್ಕೊಳ್ಳಕ್ಕೆ ಒಳಗೆ ತುಂಬಿಕೊಳ್ಳೋ ರಾಳ, ಆರೋಗ್ಯವಾಗಿರೋ ಮರದಲ್ಲಿ ಆ ಘಮ ಇರಲ್ಲ. ಇವು ಬಿಟ್ಟು ಲ್ಯಾಬಲ್ಲಿ ಮಾಡಿದ ವುಡಿ ಆಂಬರ್‌ಗಳಿವೆ, ಅಂದ್ರೆ ಒಣ ಮರದ ಘಾಟು ಕೊಡೋ ರಾಸಾಯನಿಕಗಳು, ನಾರ್ಲಿಂಬನೋನ್, ಆಂಬರ್ ಎಕ್ಸ್‌ಟ್ರೀಮ್ ಥರದ್ದು. ನನಗೆ ಇವನ್ನ ಕಂಡ್ರೆ ಅಷ್ಟಕ್ಕಷ್ಟೇ, ಮೂಗಿನೊಳಗೆ ಸೂಜಿ ಆಡಿಸಿದಂಗೆ ಆಗತ್ತೆ, ಆದ್ರೆ ಕೆಲವರಿಗೆ ಅದು ಗೊತ್ತೇ ಆಗಲ್ಲ, ಅವರು ಹತ್ತು ಸ್ಪ್ರೇ ಹೊಡ್ಕೊಂಡು ಲಿಫ್ಟಿಗೆ ಬರ್ತಾರೆ.

ಇಲ್ಲೇ ಮೂಗಿನ ಮಾತು ಬರೋದು. ಎರಡು ಬೇರೆ ವಿಷಯ ಇದೆ, ಗೊಂದಲ ಮಾಡ್ಕೋಬೇಡಿ. ಒಂದು, ಒಂದೇ ವಾಸನೆ ಸತತವಾಗಿ ಬರ್ತಿದ್ರೆ ಮೆದುಳು ಅದನ್ನ ಪಕ್ಕಕ್ಕಿಡತ್ತೆ, ಇದು ಎಲ್ರಿಗೂ ಆಗತ್ತೆ, ಸ್ವಲ್ಪ ಹೊತ್ತು ಹೊರಗೆ ಗಾಳೀಲಿ ಓಡಾಡಿ ಬಂದ್ರೆ ಮತ್ತೆ ವಾಸನೆ ಸಿಗತ್ತೆ. ಇನ್ನೊಂದು, ಕೆಲವು ದೊಡ್ಡ ಮಾಲಿಕ್ಯೂಲ್‌ಗಳು ಕೆಲವರ ಮೂಗಿಗೆ ಹುಟ್ಟಿಂದಲೇ ಸರಿಯಾಗಿ ಸಿಗಲ್ಲ, ಮಸ್ಕ್‌ಗಳು, ಕೆಲವು ಗಂಧದ ಸಿಂಥೆಟಿಕ್‌ಗಳು ಹೀಗೆ. ಐಸೋ ಇ ಸೂಪರ್ ಅಂತ ಲ್ಯಾಬಲ್ಲಿ ಮಾಡಿದ ಮರದ ಘಮ ಒಂದಿದೆ, 2006ರಲ್ಲಿ ಬಂದ ಮಾಲಿಕ್ಯೂಲ್ 01 ಅನ್ನೋ ಪರ್ಫ್ಯೂಮ್‌ನಲ್ಲಿ ಘಮಕ್ಕೆ ಹಾಕಿರೋದು ಅದೊಂದೇ, ಒಂದು ಕ್ಷಣ ಸೀಡರ್ ಥರ ಬರತ್ತೆ ಇನ್ನೊಂದು ಕ್ಷಣ ಮಾಯ. ಹಾಗಾಗಿ "ನನಗೇ ವಾಸನೆ ಬರ್ತಿಲ್ಲ, ಹೋಗಿರಬೇಕು" ಅಂತ ಮಧ್ಯಾಹ್ನ ಇನ್ನೆರಡು ಸ್ಪ್ರೇ ಹೊಡ್ಕೊಳ್ಳೋದಿದ್ಯಲ್ಲ, ಆ ಅಭ್ಯಾಸ ಇದ್ರೆ ಇವತ್ತೇ ಬಿಡಿ. ಹೊಡೀಲೇಬೇಕು ಅನ್ನಿಸಿದ್ರೆ ನಿಮ್ಮ ಜೊತೆ ಬೆಳಗ್ಗಿಂದ ಇಲ್ಲದ ಯಾರನ್ನಾದ್ರೂ ಕೇಳಿ, ಮುಲಾಜಿಲ್ಲದೆ ಹೇಳೋರನ್ನ.

ಎಷ್ಟು ಸ್ಪ್ರೇ ಅಂತ ನೇರವಾಗಿ ಹೇಳ್ಬೇಕಂದ್ರೆ, ಟಾರ್ ಹೊಗೆ ಇರೋದಕ್ಕೆ ಒಂದು, ಬಹಳ ಅಂದ್ರೆ ಎರಡು. ಊದ್, ವುಡಿ ಆಂಬರ್ ಜೋರಿರೋದಕ್ಕೆ ಎರಡು. ತಿಳಿ ಫ್ರಾಂಕಿನ್ಸೆನ್ಸ್, ಸೀಡರ್, ಲಾವಂಚ ಥರದ್ದಕ್ಕೆ ಮೂರು ನಾಲ್ಕು ಆದ್ರೂ ಪರವಾಗಿಲ್ಲ. ಗಂಧ ಮೈಗಂಟಿಕೊಂಡೇ ಇರತ್ತೆ, ಅದಕ್ಕೂ ಮೂರು. ಬಾಟಲಿ ಮೇಲೆ ಎಕ್ಸ್‌ಟ್ರೇ (ಗಾಢವಾದ ಬಗೆ) ಅಂತಿದ್ರೆ ಹೆದರಬೇಡಿ, ಎಣ್ಣೆ ಪ್ರಮಾಣ ಜಾಸ್ತಿ ಇರೋದ್ರಿಂದ ಬಹಳ ಹೊತ್ತು ನಿಲ್ಲತ್ತೆ ನಿಜ, ಆದ್ರೆ ಎಷ್ಟೋ ಸಲ ಎಣ್ಣೆ ಕಮ್ಮಿ ಇರೋ ಒ ದ ಟ್ವಾಲೆಟ್‌ನಷ್ಟು ದೂರ ಹಾರಲ್ಲ.

ಟೆಸ್ಟ್ ಮಾಡುವಾಗ ಪೇಪರ್ ಪಟ್ಟಿ ಬರೀ ಮೊದಲ ಸುತ್ತಿಗೆ, ಇಷ್ಟ ಆಗದೇ ಇರೋದನ್ನ ಪಕ್ಕಕ್ಕಿಡೋಕೆ. ಉಳಿದಿದ್ದರಲ್ಲಿ ಒಂದು ಎಡಗೈಗೆ ಒಂದು ಬಲಗೈಗೆ, ಅವತ್ತಿಗೆ ಸಾಕು. ಮೊದಲ ಹದಿನೈದು ನಿಮಿಷ ಆಲ್ಕೊಹಾಲು, ಮೆಣಸು, ಸಿಟ್ರಸ್ ಗದ್ದಲ, ಅದನ್ನ ಕೇಳಿ ದುಡ್ಡು ಕೊಡ್ಬೇಡಿ. ಒಂದು ಗಂಟೆ ಆದ್ಮೇಲೆ ಮೂಸಿ, ನಾಲ್ಕು ಗಂಟೆ ಆದ್ಮೇಲೆ ಮೂಸಿ, ರಾತ್ರಿ ಮಲಗೋ ಮುಂಚೆ ಮೂಸಿ. ಈ ಜಾತೀಲಿ ನೀವು ದುಡ್ಡು ಕೊಡೋದು ಆ ನಾಲ್ಕನೇ ಗಂಟೆಗೆ. ಮಣಿಕಟ್ಟು ಉಜ್ಜಬೇಡಿ ಅಂತ ಎಲ್ರೂ ಹೇಳ್ತಾರೆ, ಮಾಲಿಕ್ಯೂಲ್ ಒಡೆದುಹೋಗತ್ತೆ ಅನ್ನೋದು ಸುಳ್ಳು, ಉಜ್ಜಿದ ಬಿಸಿಗೆ ಮೇಲಿನ ಹಗುರ ನೋಟ್‌ಗಳು ಸ್ವಲ್ಪ ಬೇಗ ಹೋಗಬಹುದು ಅಷ್ಟೇ.

ಎಲ್ಲಿ ಹಾಕೋದು? ಕತ್ತಿಗಂತೂ ಬೇಡ. ಮೂಗಿಗೆ ತೀರಾ ಹತ್ರ, ಮೂಗು ಬೇಗ ಸೋಲತ್ತೆ, ತಬ್ಬಿಕೊಂಡೋರ ಮುಖಕ್ಕೇ ಹೊಡೆಯತ್ತೆ. ಬಟ್ಟೆ ಒಳಗೆ ಎದೆ ಮೇಲೋ ಹೊಟ್ಟೆ ಮೇಲೋ ಒಂದು ಸ್ಪ್ರೇ, ಅದೇ ನನ್ನ ಮೊದಲ ಆಯ್ಕೆ, ಬಟ್ಟೆ ಘಾಟನ್ನ ಸೋಸಿ ಸ್ವಲ್ಪ ಸ್ವಲ್ಪವೇ ಹೊರಗೆ ಬಿಡತ್ತೆ, ನೀವು ಕೂತು ಎದ್ದಾಗ ಒಂದು ಅಲೆ ಥರ ಬಂದು ಹೋಗತ್ತೆ. ಮೊಣಕೈ ಒಳಭಾಗ, ಮಂಡಿ ಹಿಂಭಾಗನೂ ಚೆನ್ನ. ಒಣ ಚರ್ಮ ಇದ್ರೆ ಸ್ನಾನ ಆದ್ಮೇಲೆ ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ ಆಮೇಲೆ ಹಾಕಿ, ಎಣ್ಣೆ ಅಂಶ ಘಮಾನ ಹಿಡ್ಕೊಳ್ಳತ್ತೆ.

ಬಟ್ಟೆಗೆ ಹಾಕೋದಾದ್ರೆ ಉಣ್ಣೆ ಅತ್ಯುತ್ತಮ, ಹೊಗೆ ನೋಟ್ ಉಣ್ಣೆಯ ಸ್ಕಾರ್ಫ್ ಮೇಲೆ ದಿನಗಟ್ಟಲೆ ಇರತ್ತೆ, ಅದೂ ಚರ್ಮದ ಮೇಲಿನದಕ್ಕಿಂತ ಚಂದವಾಗಿ, ಮೈ ಬಿಸಿ ಇಲ್ದೇ ಇರೋದ್ರಿಂದ ಅವಸರ ಇಲ್ಲ. ಆದ್ರೆ ಲ್ಯಾಬ್ಡನಮ್, ಬೆಂಜೊಯಿನ್ ಥರದ ಗಾಢ ರಾಳ ಜಾಸ್ತಿ ಇರೋ ಪರ್ಫ್ಯೂಮ್ ಕಂದು ಬಣ್ಣದ್ದಿರತ್ತೆ, ರೇಷ್ಮೆ ಮೇಲೆ, ಬಿಳಿ ಬಟ್ಟೆ ಮೇಲೆ ಕಲೆ ಗ್ಯಾರಂಟಿ. ಒಂದು ಹನಿ ಬಿಳಿ ಟಿಶ್ಯೂ ಮೇಲೆ ಬಿಟ್ಟು ಒಣಗಿದ ಮೇಲೆ ಬಣ್ಣ ಏನಾಗಿದೆ ನೋಡಿ, ಉತ್ತರ ಸಿಗತ್ತೆ.

ಈ ಪರ್ಫ್ಯೂಮ್‌ಗಳು ಚಳಿಗೆ ಮಾತ್ರ ಅನ್ನೋ ಮಾತನ್ನ ನಾನು ಒಪ್ಪಲ್ಲ. ಸಿಹಿ ಸೇರಿರೋ ಊದ್, ವೆನಿಲಾ, ಆಂಬರ್ (ವೆನಿಲಾ ರಾಳ ಸೇರಿದ ಸಿಹಿ ಘಮ, ಮೇಲೆ ಹೇಳಿದ ವುಡಿ ಆಂಬರ್ ಅಲ್ಲ) ಸೆಖೆಯಲ್ಲಿ ಉಸಿರು ಕಟ್ಟಿಸತ್ತೆ, ಹೌದು. ಅದೇ ಸಿಹಿ ಇಲ್ಲದ ಫ್ರಾಂಕಿನ್ಸೆನ್ಸ್, ಲಾವಂಚ, ಸೀಡರ್ ಸೆಖೇಲೇ ಅರಳೋದು, ಪರ್ಫ್ಯೂಮ್ ತಯಾರಕ ಜಾನ್ ಕ್ಲೋಡ್ ಎಲೆನಾ 2006ರಲ್ಲಿ ಫ್ರಾನ್ಸ್‌ನ ಎರ್ಮೆಸ್ ಕಂಪನಿಗೆ ಮಾಡಿದ ಟೆರ್ ದೆರ್ಮೆಸ್ ನೋಡಿ, ಕಿತ್ತಳೆ, ಮೆಣಸು, ಮರ, ಬಿಸಿಲಿಗೆ ಸರಿಯಾಗಿ ಹೊಂದತ್ತೆ. ಬಿಸಿಲಲ್ಲಿ ಎಲ್ಲ ಬೇಗ ಆವಿಯಾಗೋದ್ರಿಂದ ಸ್ಪ್ರೇ ಒಂದು ಕಮ್ಮಿ ಮಾಡಿ. ಚಳೀಲಿ ಉಲ್ಟಾ, ಬೆಚ್ಚಗಿರೋ ಒಳಬಟ್ಟೆ ಕೆಳಗೆ ಹಾಕಿ, ಇಲ್ದಿದ್ರೆ ತಣ್ಣನೆ ಚರ್ಮದ ಮೇಲೆ ಏಳೋದೇ ಇಲ್ಲ.

ಹಾಕಲೇಬಾರದ ಜಾಗ ಆಸ್ಪತ್ರೆ, ವಿಮಾನ, ಕಿಟಕಿ ಮುಚ್ಚಿದ ವಾಹನ, ಪರೀಕ್ಷಾ ಹಾಲ್. ಅಸ್ತಮಾ, ಮೈಗ್ರೇನ್ ಇರೋರಿಗೆ ಈ ಘಾಟು ನಿಜವಾದ ತೊಂದರೆ. ಹೊಗೆ ನೋಟ್‌ಗೆ ಇನ್ನೊಂದು ವಿಚಿತ್ರ ಸಮಸ್ಯೆ ಇದೆ, ಏನೋ ಸುಡ್ತಿದೆ ಅಂತ ಜನ ವೈರ್ ಹುಡುಕಕ್ಕೆ ಶುರು ಮಾಡ್ತಾರೆ.

ಲೇಯರಿಂಗ್, ಅಂದ್ರೆ ಎರಡು ಪರ್ಫ್ಯೂಮ್ ಒಟ್ಟಿಗೆ ಹಾಕ್ಕೊಳ್ಳೋದರ ಬಗ್ಗೆ ಜಾಸ್ತಿ ಹೇಳಲ್ಲ. ಎರಡು ಗಡಸು ಪರ್ಫ್ಯೂಮ್ ಒಟ್ಟಿಗೆ ಬೇಡ, ಹೊಗೆ ಒಂದು, ಅದರ ಜೊತೆ ಸರಳವಾದ ಗುಲಾಬಿಯೋ ಸಿಟ್ರಸ್ಸೋ ಒಂದು. ಹೊಗೇನ ಮೊದಲು ಬಟ್ಟೆ ಒಳಗೆ ಹಾಕಿ, ಹಗುರದ್ದನ್ನ ಆಮೇಲೆ ಕೈಗೆ.

ಶುರು ಮಾಡೋರಿಗೆ ಎರಡು ಮೂರು ಹೆಸರು. ಕಾಮ್ ದೆ ಗಾರ್ಸೋನ್ ಅನ್ನೋ ಫ್ಯಾಷನ್ ಬ್ರ್ಯಾಂಡ್ 2002ರಲ್ಲಿ ಇನ್ಸೆನ್ಸ್ ಅಂತಲೇ ಐದು ಪರ್ಫ್ಯೂಮ್‌ಗಳ ಸರಣಿ ತಂತು, ಅದರಲ್ಲಿ ಅವಿನ್ಯೋನ್, ಕ್ಯೋಟೋ ಎರಡೂ ಪರ್ಫ್ಯೂಮ್ ತಯಾರಕ ಬರ್ಟ್ರಾನ್ ದ್ಯುಶೋಫೂರ್ ಮಾಡಿದ್ದು. ಅವಿನ್ಯೋನ್ ಕ್ಯಾಥೊಲಿಕ್ ಚರ್ಚಿನ ಧೂಪ, ಕಲ್ಲಿನ ತಂಪು ಸಮೇತ. ಕ್ಯೋಟೋ ಇನ್ನೂ ಹಸಿರು, ಮರ ಜಾಸ್ತಿ, ಹೊಸಬರಿಗೆ ನಾನು ಮೊದಲು ಕೊಡೋದು ಇದನ್ನೇ. ಆಂಡಿ ಟಾವರ್ ಅವರ ಲೇರ್ ದ್ಯು ದೆಸೇರ್ ಮರೋಕೇನ್, 2005ರದ್ದು, ಮಸಾಲೆ ಒಣ ಗಾಳಿ ರಾಳ ಎಲ್ಲ ಸೇರಿ ಭಾರಿ ಶಕ್ತಿ, ಅದರಲ್ಲಿ ಜೀರಿಗೆ ಇದೆ ಅನ್ನೋದು ನೆನಪಿರಲಿ. ಇಡೀ ಬಾಟಲಿ ತಗೊಳ್ಳೋ ಮುಂಚೆ 2 ಎಂಎಲ್ ಸ್ಯಾಂಪಲ್ ತಗೊಳ್ಳಿ, ಒಂದು ಸ್ಪ್ರೇ ಸುಮಾರು 0.1 ಎಂಎಲ್ ಹಿಡಿದ್ರೂ ಇಪ್ಪತ್ತು ಸ್ಪ್ರೇ ಆಯ್ತು. ಅದೇ ಲೆಕ್ಕದಲ್ಲಿ 50 ಎಂಎಲ್ ಬಾಟಲಿ ಅಂದ್ರೆ ಐನೂರು ಸ್ಪ್ರೇ, ಹೊಗೆ ಪರ್ಫ್ಯೂಮ್ ಒಂದೊಂದೇ ಹಾಕ್ಕೊಳ್ಳೋರಿಗೆ ಅದು ವರ್ಷಗಟ್ಟಲೆ ಮುಗಿಯಲ್ಲ, ಚಿಕ್ಕದೇ ಸಾಕು. ಬಾತ್‌ರೂಮಲ್ಲಿ ಇಡ್ಬೇಡಿ, ಬಿಸಿಲು ಬೀಳದ ತಂಪು ಜಾಗ ಸಾಕು, ರಾಳ ಮರದವು ಸಿಟ್ರಸ್‌ಗಿಂತ ಗಟ್ಟಿ ಜೀವ.

ಜಾಸ್ತಿ ಹಾಕ್ಕೊಂಡುಬಿಟ್ರೆ ಬರೀ ನೀರು ಹಾಕಿದ್ರೆ ಏನೂ ಆಗಲ್ಲ, ಇವೆಲ್ಲ ಎಣ್ಣೇಲಿ ಕರಗೋವು. ವಾಸನೆ ಇಲ್ಲದ ಎಣ್ಣೆಯೋ ಮೇಕಪ್ ತೆಗೆಯೋ ಕ್ಲೆನ್ಸಿಂಗ್ ಆಯಿಲ್ಲೋ ಹಚ್ಚಿ, ಒಂದು ನಿಮಿಷ ತಿಕ್ಕಿ, ಟಿಶ್ಯೂಲಿ ಒರೆಸಿ, ಆಮೇಲೆ ಸೋಪು. ಬಹುಪಾಲು ಹೋಗತ್ತೆ. ಬಟ್ಟೆಗೆ ಹತ್ತಿದ್ರೆ ಗಾಳೀಲಿ ನೇತಾಕಿ, ಟಾರ್ ಇದ್ರೆ ಒಂದು ಒಗೆತಕ್ಕೆ ಪೂರ್ತಿ ಹೋಗದೇನೂ ಇರಬಹುದು, ಅಲ್ಲೀತನಕ ಅದನ್ನ ಬೇರೆ ಬಟ್ಟೆ ಜೊತೆ ಕಪಾಟಿನಲ್ಲಿ ಮಡಚಿಡಬೇಡಿ, ಎಲ್ಲಕ್ಕೂ ಹತ್ತುತ್ತೆ.