ಸರ್ವರ್ ಕಾಯುವ ಕೆಲಸವನ್ನು ಮನೆಯವರಿಗೆ ಹೇಳೋದು ಹೇಗೆ?

ಮೊದಲನೆಯದು, 'ಸೈಟ್ ರಿಲಯಬಿಲಿಟಿ ಎಂಜಿನಿಯರ್' (ವೆಬ್‌ಸೈಟ್ ನಿಲ್ಲದಂತೆ ನೋಡಿಕೊಳ್ಳುವವರು) ಅನ್ನುವ ಹುದ್ದೆಯ ಹೆಸರನ್ನು ಮದುವೆ ಮನೆಯಲ್ಲಿ ಹೇಳಲೇಬೇಡಿ. ಸೈಟ್ ಅಂದ ತಕ್ಷಣ ದೊಡ್ಡಪ್ಪ 30-40 ಎಷ್ಟಕ್ಕೆ ಸಿಗುತ್ತೆ ಅಂತ ಕೇಳುತ್ತಾರೆ.

ಅವರಿಗೆ ಗೊತ್ತಿರುವ ವಿಷಯದಿಂದ ಶುರು ಮಾಡಿ. ನಾನು ಅಮ್ಮನಿಗೆ ತತ್ಕಾಲ್ ಟಿಕೆಟ್ ಇಟ್ಟುಕೊಂಡು ಹೇಳಿದೆ. ಬೆಳಿಗ್ಗೆ 10ಕ್ಕೆ ಎಸಿ, 11ಕ್ಕೆ ಸ್ಲೀಪರ್ ಬುಕಿಂಗ್ ಶುರು, ಆ ಒಂದು ನಿಮಿಷದಲ್ಲಿ ದೇಶದ ಮೂಲೆಮೂಲೆಯಿಂದ ಜನ ಒಟ್ಟಿಗೆ ನುಗ್ಗುತ್ತಾರೆ. "ಒಂದೇ ಕೌಂಟರ್ ಇದ್ದರೆ ಏನಾಗುತ್ತಮ್ಮ?" ಅಂದೆ. "ನೂಕುನುಗ್ಗಲು" ಅಂದಳು. ಅಷ್ಟೇ! ಕೌಂಟರ್ ಅಂದರೆ ಸರ್ವರ್, ಬಂದವರ ಕೆಲಸ ಮಾಡಿಕೊಡುವ ಕಂಪ್ಯೂಟರ್. ಬಂದವರನ್ನು ಬೇರೆ ಬೇರೆ ಕೌಂಟರಿಗೆ ಹಂಚಿ ಕಳಿಸುವವನು ಲೋಡ್ ಬ್ಯಾಲೆನ್ಸರ್. ಒಂದು ಕೌಂಟರ್ ಕೆಟ್ಟರೂ ಉಳಿದವು ನಡೆಯುವ ಹಾಗೆ ನೋಡಿಕೊಳ್ಳೋದು ನಾನು. ನನ್ನದು ರೈಲ್ವೆ ಅಲ್ಲ, ಬೇರೆ ಕಂಪನಿ ಅಂತ ಕೂಡಲೇ ಸೇರಿಸಿ, ಇಲ್ಲದಿದ್ದರೆ ಊರವರೆಲ್ಲ ಟಿಕೆಟ್ ಮಾಡಿಸಿಕೊಡು ಅಂತಾರೆ.

ರಾತ್ರಿ 2ಕ್ಕೆ ಯಾಕೆ ಫೋನ್ ಬರುತ್ತೆ ಅಂದರೆ ಲೈನ್‌ಮನ್ ಉದಾಹರಣೆ ಸಾಕು. ಮಳೆಯಲ್ಲಿ ಕರೆಂಟ್ ಹೋದರೆ ಅವನು ಕಂಬ ಹತ್ತುತ್ತಾನೆ, ನಾನು ಲ್ಯಾಪ್‌ಟಾಪ್ ತೆಗೆಯುತ್ತೇನೆ.

ಲೆಕ್ಕ ಬೇಕು ಅನ್ನುವವರಿಗೆ, ಸರ್ವರ್ 99.9 ಶೇಕಡಾ ಸಮಯ ನಡೆಯುತ್ತಿರಬೇಕು ಅಂತ ಹೇಳಿ: ವರ್ಷವಿಡೀ ಸೇರಿ ಸುಮಾರು 8 ಮುಕ್ಕಾಲು ಗಂಟೆ ಮಾತ್ರ ನಿಲ್ಲಬಹುದು. "ನಮ್ಮೂರಲ್ಲಿ ಒಂದೇ ವಾರಕ್ಕೆ ಅಷ್ಟು ಕರೆಂಟ್ ಹೋಗುತ್ತಲ್ಲೋ" ಅಂದರು ಅಜ್ಜ. ಅವರಿಗೆ ಅರ್ಥವಾಗಿತ್ತು.

ಇಷ್ಟಾದ ಮೇಲೂ ಪ್ರಿಂಟರ್ ರಿಪೇರಿಗೆ ಕರೆದೇ ಕರೆಯುತ್ತಾರೆ. ಸುಮ್ನೆ ಹೋಗಿ, ಆಫ್ ಮಾಡಿ ಆನ್ ಮಾಡಿ.