ಚೆಂಡು ಕೈಯಲ್ಲಿ ಕೂರಬಾರದು: ಡ್ರಿಬ್ಲಿಂಗ್ ಬೆಳೆದ ದಾರಿಯಲ್ಲೇ ಡ್ರಿಬ್ಲಿಂಗ್ ಕಲಿಯೋಣ

ಕಾಲೇಜು ದಿನಗಳ ಒಂದು ಬಾಸ್ಕೆಟ್‌ಬಾಲ್ ಫೈನಲ್. ಎರಡು ಪಾಯಿಂಟ್ ಹಿಂದಿದ್ದೆವು, ಅರ್ಧ ನಿಮಿಷ ಉಳಿದಿತ್ತು, ಚೆಂಡು ನನ್ನ ಕೈಲಿತ್ತು. ಎದುರಿದ್ದ ಹುಡುಗನನ್ನು ಬಲಕ್ಕೆ ಸೆಳೆದು ಎಡಕ್ಕೆ ದಾಟಿದೆ. ಅವನು ಅಲ್ಲೇ ಉಳಿದ. ಮುಂದೆ ದಾರಿ ಖಾಲಿ. ಆಗ ಸೀಟಿ ಬಿತ್ತು. ರೆಫರಿ ಕೈ ಚಾಚಿ ಅಂಗೈಯನ್ನು ಅರ್ಧ ಸುತ್ತು ತಿರುಗಿಸಿ ತೋರಿಸಿದರು. ಕ್ಯಾರಿ, ಅಂದರೆ ಚೆಂಡು ಹೊತ್ತ ತಪ್ಪು. ಚೆಂಡು ಎದುರಾಳಿಗಳ ಪಾಲಾಯಿತು, ಪಂದ್ಯವೂ ಹೋಯಿತು.

ನಾನೇನು ತಪ್ಪು ಮಾಡಿದೆ ಅಂತ ತಂಡದಲ್ಲಿ ಯಾರಿಗೂ ಹೇಳಲು ಬರಲಿಲ್ಲ. ಪಂದ್ಯ ಮುಗಿದ ಮೇಲೆ ಅದೇ ರೆಫರಿಯ ಹತ್ತಿರ ಹೋಗಿ ಕೇಳಿದೆ. ಅವರು ಒಂದೇ ಮಾತು ಹೇಳಿದರು: "ಚೆಂಡು ನಿನ್ನ ಕೈಲಿ ಕೂತಿತ್ತು ಕಣಪ್ಪಾ."

ಆಮೇಲೆ ನಾನೇ ಸೀಟಿ ಹಿಡಿದೆ, ಮಕ್ಕಳಿಗೆ ಕಲಿಸಲು ಶುರು ಮಾಡಿದೆ. ಇಷ್ಟು ವರ್ಷಗಳಲ್ಲಿ ಕ್ಯಾರಿ ನಿಯಮವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಮಾತು ನನಗೆ ಸಿಕ್ಕಿಲ್ಲ. ಆದರೆ ಸುಮ್ನೆ ಹೇಳಿದರೆ ಕೈಗೆ ಅರ್ಥವಾಗುವುದಿಲ್ಲ. ಅದಕ್ಕೇ ನಾನು ಡ್ರಿಬ್ಲಿಂಗ್ ಅನ್ನು, ಅಂದರೆ ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಸಾಗುವುದನ್ನು, ಅದು ಹುಟ್ಟಿ ಬೆಳೆದ ಕ್ರಮದಲ್ಲೇ ಕಲಿಸುತ್ತೇನೆ. ಆಟಗಾರರು ಒಂದು ಹೊಸ ಚಳಕ ಕಂಡುಹಿಡಿದರು, ನಿಯಮ ಮಾಡುವವರು ಅದಕ್ಕೊಂದು ಉತ್ತರ ಕೊಟ್ಟರು, ಆಟಗಾರರು ಮತ್ತೊಂದು ದಾರಿ ಹುಡುಕಿದರು. ಅದೇ ದಾರಿಯಲ್ಲಿ ನಡೆದರೆ ಯಾವ ಗೆರೆ ಎಲ್ಲಿದೆ, ಯಾಕಿದೆ ಅಂತ ಕೈಗೇ ಗೊತ್ತಾಗುತ್ತದೆ.

ಮೊದಲು ಡ್ರಿಬಲ್ ಇಲ್ಲದೆ ಆಡಿ

1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಶುರು ಮಾಡಿದಾಗ ಇದ್ದದ್ದು ಒಂದು ಫುಟ್‌ಬಾಲ್, ಎರಡು ಪೀಚ್ ಹಣ್ಣಿನ ಬುಟ್ಟಿ ಮತ್ತು 13 ನಿಯಮಗಳು. ಆ 13ರಲ್ಲಿ ಡ್ರಿಬಲ್ ಅನ್ನುವ ಮಾತೇ ಇಲ್ಲ. ಚೆಂಡು ಹಿಡಿದು ಓಡುವಂತಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕು. ಅಷ್ಟೇ.

ನಿಮ್ಮ ಮೊದಲ ದಿನದ ಅಭ್ಯಾಸವೂ ಇದೇ. ಹತ್ತು ನಿಮಿಷ ಹೀಗೆ ಆಡಿ. ಐದನೇ ನಿಮಿಷದಷ್ಟರಲ್ಲಿ ಒಂದು ವಿಷಯ ನಡೆದೇ ನಡೆಯುತ್ತದೆ. ಯಾರೋ ಒಬ್ಬರನ್ನು ಇಬ್ಬರು ಸುತ್ತುವರಿಯುತ್ತಾರೆ, ಪಾಸ್ ಕೊಡಲು ಯಾರೂ ಸಿಗುವುದಿಲ್ಲ. ಅವರು ಚೆಂಡನ್ನು ಬೇಕೆಂದೇ ಪಕ್ಕಕ್ಕೆ ಬೀಳಿಸಿ, ಓಡಿ ಹೋಗಿ ತಾವೇ ಎತ್ತಿಕೊಳ್ಳುತ್ತಾರೆ. ಪ್ರತಿ ಹೊಸ ಗುಂಪಿನಲ್ಲೂ ನಾನಿದನ್ನು ನೋಡಿದ್ದೇನೆ, ಪ್ರತಿ ಸಲವೂ ಖುಷಿಯಾಗುತ್ತದೆ. ಯಾಕೆಂದರೆ ಡ್ರಿಬಲ್ ಹುಟ್ಟಿದ್ದೇ ಹೀಗೆ. ಅದು ತನಗೆ ತಾನೇ ಕೊಟ್ಟುಕೊಂಡ ಪಾಸ್. 1890ರ ದಶಕದ ಕೊನೆಗೆ ಯೇಲ್ ವಿಶ್ವವಿದ್ಯಾಲಯದ ತಂಡ ಇದನ್ನೇ ಒಂದು ತಂತ್ರವಾಗಿ ಬಳಸತೊಡಗಿತ್ತು.

"ತನಗೆ ತಾನೇ ಪಾಸ್" ಅನ್ನುವುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪಾಸ್ ಅಂದಮೇಲೆ ಚೆಂಡು ಕೈ ಬಿಡಬೇಕು. ಕ್ಯಾರಿ ನಿಯಮದ ಬೇರು ಇಲ್ಲೇ ಇದೆ.

ಆಮೇಲೆ ಒಂದು ಪುಟ, ಮೂರು ಪುಟ (ಚೆಂಡಿನ ಪುಟಿತ)

ಈ ಹೊಸ ಚಳಕದ ಬಗ್ಗೆ ಹಿರಿಯರಿಗೆ ಅನುಮಾನವಿತ್ತು. 1901ರ ಹೊತ್ತಿಗೆ ಡ್ರಿಬಲ್ ಮಾಡಿದವನು ಬುಟ್ಟಿಗೆ ಎಸೆಯುವಂತಿಲ್ಲ ಅನ್ನುವ ನಿಯಮ ಬಂತು. 1908ರಲ್ಲಿ ಅದು ಸಡಿಲವಾಯಿತು. 1927ರಲ್ಲಿ ಇನ್ನೂ ದೊಡ್ಡ ಗಂಡಾಂತರ ಎದುರಾಯಿತು. ಚೆಂಡನ್ನು ಒಂದೇ ಸಲ ಪುಟಿಸಬೇಕು ಅಂತ ನಿಯಮ ಸಮಿತಿ ತೀರ್ಮಾನ ಮಾಡಿಬಿಟ್ಟಿತು. ಕ್ಯಾನ್ಸಸ್‌ನ ವಿಶ್ವವಿದ್ಯಾಲಯದ ಕೋಚ್ ಫಾಗ್ ಅಲೆನ್ ಮುಂದೆ ನಿಂತು ಬೇರೆ ಕೋಚ್‌ಗಳನ್ನು ಒಟ್ಟುಗೂಡಿಸಿದರು, ಅದಕ್ಕೆಂದೇ ಅವರದೊಂದು ಸಂಘ ಹುಟ್ಟಿತು, ಸಮಿತಿ ಹಿಂದೆ ಸರಿಯಿತು. ನಾವು ಇವತ್ತು ನೋಡಿ ಬೆರಗಾಗುವ ಆಟವೆಲ್ಲ ಆ ಒಂದು ಜಗಳದಿಂದ ಉಳಿದದ್ದು.

ಹೆಂಗಸರ ಆಟಕ್ಕೆ ಆ ಅದೃಷ್ಟ ಇರಲಿಲ್ಲ. ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ರೂಪಿಸಿದ ನಿಯಮಗಳಲ್ಲಿ ಚೆಂಡನ್ನು ಮೂರು ಸಲಕ್ಕಿಂತ ಜಾಸ್ತಿ ಪುಟಿಸುವಂತಿರಲಿಲ್ಲ. ಅಮೆರಿಕದ ಹೆಂಗಸರಿಗೆ ಎಷ್ಟು ಸಲ ಬೇಕಾದರೂ ಪುಟಿಸುವ ಸ್ವಾತಂತ್ರ್ಯ ಸಿಕ್ಕಿದ್ದು 1966ರಲ್ಲಿ. ನನಗೆ ಇದು ತುಂಬಾ ಬೇಸರದ ವಿಷಯ. ಆದರೂ ಮೂರು ಪುಟದ ಆಟ ಒಳ್ಳೆಯ ಅಭ್ಯಾಸ. ಅರ್ಧ ಕೋರ್ಟಿನಲ್ಲಿ ಮೂರು ಮೂರು ಜನ ಆಡಿ, ಯಾರಿಗೂ ಮೂರು ಪುಟಕ್ಕಿಂತ ಜಾಸ್ತಿ ಇಲ್ಲ. ಸುಮ್ನೆ ನಿಂತಲ್ಲೇ ಚೆಂಡು ಬಡಿಯುವ ಚಟ ಎರಡು ದಿನದಲ್ಲಿ ಬಿಟ್ಟುಹೋಗುತ್ತದೆ.

ಈಗ ಕೈ

ಶುರುವಿನ ಚೆಂಡಿಗೆ ಹೊಲಿಗೆ, ಲೇಸು ಇತ್ತು. ಲೇಸಿನ ಮೇಲೆ ಬಿದ್ದರೆ ಎಲ್ಲೋ ಪುಟಿಯುತ್ತಿತ್ತು. ಹಾಗಾಗಿ ಕೈ ಸದಾ ಚೆಂಡಿನ ನೆತ್ತಿಯ ಮೇಲಿರುತ್ತಿತ್ತು, ನೇರ ಕೆಳಕ್ಕೆ ತಳ್ಳಿ ನೇರ ಮೇಲಕ್ಕೆ ಪಡೆಯುತ್ತಿದ್ದರು. ನಮ್ಮ ತಳಪಾಯವೂ ಅದೇ ಆಗಿರಲಿ.

ಮೊಣಕಾಲು ಬಗ್ಗಿಸಿ, ಬೆರಳು ಅಗಲಿಸಿ. ಚೆಂಡಿಗೆ ತಾಗಬೇಕಾದ್ದು ಬೆರಳುಗಳು ಮತ್ತು ಬೆರಳ ಬುಡದ ಉಬ್ಬು. ಅಂಗೈಯ ಗುಳಿ ತಾಗಬಾರದು. ಸರಿಯಾಗಿದೆಯಾ ಅಂತ ತಿಳಿಯಲು ನಾನು ಬಣ್ಣದ ಸೀಮೆಸುಣ್ಣ ಬಳಸುತ್ತೇನೆ. ಚೆಂಡಿನ ತುಂಬ ಹಚ್ಚಿ, 20 ಸಲ ಪುಟಿಸಿ, ಕೈ ತಿರುಗಿಸಿ ನೋಡಿ. ಬೆರಳೆಲ್ಲ ಬಣ್ಣವಾಗಿ ನಡುವಿನ ಗುಳಿ ಸ್ವಚ್ಛವಾಗಿದ್ದರೆ ಸರಿ. ಗುಳಿಯಲ್ಲೂ ಬಣ್ಣ ಕಂಡರೆ ನೀವು ಚೆಂಡನ್ನು ತಳ್ಳುತ್ತಿಲ್ಲ, ಬಡಿಯುತ್ತಿದ್ದೀರಿ. ಕಿವಿಗೂ ಗೊತ್ತಾಗುತ್ತದೆ: ಬಡಿದಾಗ "ಟಪ್" ಅಂತ ಚಪ್ಪಾಳೆಯ ಸದ್ದು, ತಳ್ಳಿದಾಗ ನೆಲದ ಸದ್ದು ಮಾತ್ರ.

ಮಕ್ಕಳಿಗಾದರೆ ಚೆಂಡಿನ ಗಾತ್ರ ನೋಡಿ. ಗಂಡಸರ 7ನೇ ಸೈಜು, ಹೆಂಗಸರ 6ನೇ ಸೈಜು ಎರಡೂ ಪುಟ್ಟ ಕೈಗೆ ದೊಡ್ಡದು. 5ನೇ ಸೈಜು ಕೊಡಿ. ದೊಡ್ಡ ಚೆಂಡು ಕೊಟ್ಟರೆ ಅದನ್ನು ಮೇಲಿನಿಂದ ಹತೋಟಿಗೆ ತರಲಾಗದೆ ಮಗು ಕೈಯನ್ನು ಅಡಿಗೆ ತರುತ್ತದೆ. ಕ್ಯಾರಿ ಅಭ್ಯಾಸ ಅಲ್ಲಿಂದಲೇ ಶುರು.

ಕೈ ಪಕ್ಕಕ್ಕೆ ಸರಿದ ಕಾಲ

ಲೇಸು ಹೋಗಿ, 1940ರ ದಶಕದಲ್ಲಿ ಅಚ್ಚಿನಲ್ಲಿ ಮಾಡಿದ ದುಂಡನೆಯ ಚೆಂಡು ಬಂದಮೇಲೆ ಆಟವೇ ಬೇರೆಯಾಯಿತು. ಪುಟ ನಂಬಬಹುದಾಗಿತ್ತು. ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್‌ನ ಮಾರ್ಕಸ್ ಹೇನ್ಸ್ ಮಂಡಿಯೂರಿ, ನೆಲಕ್ಕೆ ಒರಗಿ, ಗೇಣು ಎತ್ತರದಲ್ಲಿ ಚೆಂಡು ಆಡಿಸುತ್ತಿದ್ದರು. ಬಾಸ್ಟನ್ ಸೆಲ್ಟಿಕ್ಸ್‌ನ ಬಾಬ್ ಕೂಸಿ 1950ರ ದಶಕದಲ್ಲಿ ಬೆನ್ನ ಹಿಂದಿನಿಂದ ದಾಟಿಸಿದರು. ಆಮೇಲೆ ಪೀಟ್ ಮ್ಯಾರವಿಚ್, ಅರ್ಲ್ ಮನ್ರೋ. ಇವರೆಲ್ಲರ ಕೈ ಚೆಂಡಿನ ನೆತ್ತಿಯಿಂದ ಪಕ್ಕಕ್ಕೆ ಜಾರಿತು. ಪಕ್ಕಕ್ಕೆ ತಳ್ಳಬೇಕಾದರೆ ಕೈ ಪಕ್ಕದಲ್ಲೇ ಇರಬೇಕು ಅಲ್ವಾ? ಎಷ್ಟು ಪಕ್ಕಕ್ಕೆ ಅನ್ನುವ ಪ್ರಶ್ನೆ ಇಲ್ಲಿಂದ ಬಂತು.

1989ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಗೆ ಬಂದ ಟಿಮ್ ಹಾರ್ಡವೇ ಕಾಲ ಸಂದಿಯಿಂದ ಒಮ್ಮೆ, ಮರುಕ್ಷಣವೇ ಎದುರಿನಿಂದ ಒಮ್ಮೆ ದಾಟಿಸುತ್ತಿದ್ದರು. 1997ರ ಮಾರ್ಚ್ 12ರಂದು 21 ವರ್ಷದ ಅಲೆನ್ ಐವರ್ಸನ್ ಮೈಕೆಲ್ ಜೋರ್ಡನ್ ಎದುರು ನಿಂತರು. ಮೊದಲು ಒಂದು ಸಣ್ಣ ಕ್ರಾಸ್‌ಓವರ್, ಅಂದರೆ ಚೆಂಡನ್ನು ಎದುರಿನಿಂದ ಇನ್ನೊಂದು ಕೈಗೆ ದಾಟಿಸುವುದು, ಜೋರ್ಡನ್ ಅಲ್ಲಾಡುತ್ತಾರಾ ಅಂತ ನೋಡಲು. ಅಲ್ಲಾಡಿದರು. ಮತ್ತೆ ಇನ್ನೊಂದು, ಈ ಸಲ ಅಗಲವಾಗಿ. ಐವರ್ಸನ್ ಜೋರ್ಡನ್ ಅವರನ್ನು ದಾಟಿದರು, ಎಸೆದದ್ದು ಬುಟ್ಟಿಗೆ ಬಿತ್ತು. ಆ ಆಟದ ವಿಡಿಯೋ ಹಾಕಿ ನಿಧಾನಕ್ಕೆ ಓಡಿಸಿ ನೋಡಿ. ಚೆಂಡು ಒಂದು ತುದಿಗೆ ಹೋದಾಗ ಕೈ ಅದರ ಜೊತೆ ಎಷ್ಟು ಹೊತ್ತು ಇರುತ್ತದೆ ಅನ್ನುವುದೇ ಅವರ ಆಟದ ಸೊಗಸು. ಇದು ಕ್ಯಾರಿ ಅಂತ ವಾದಿಸಿದವರಿಗೂ ಕಂಡದ್ದು ಅದೇ.

ಎನ್‌ಬಿಎ ನಿಯಮ ಹೇಳುವುದು ಇಷ್ಟು: ಡ್ರಿಬಲ್ ಮಾಡುವವನು ಕೈಯ ಯಾವ ಭಾಗವನ್ನಾದರೂ ಚೆಂಡಿನ ಅಡಿಗೆ ತಂದು, ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಬಾರದು, ಅಥವಾ ಅದನ್ನು ನಿಲ್ಲಿಸಿ ಮತ್ತೆ ಪುಟಿಸಬಾರದು. ಗಮನಿಸಿ, ಎರಡು ಭಾಗ ಇದೆ. ಕ್ಯಾರಿ ಆಗಬೇಕಾದರೆ ಕೈ ಅಡಿಗೆ ಬರಬೇಕು, ಜೊತೆಗೆ ಒಯ್ಯಬೇಕು ಇಲ್ಲವೇ ನಿಲ್ಲಿಸಬೇಕು. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮ ಇನ್ನೂ ಸರಳ. ಚೆಂಡು ಕೈಯಲ್ಲಿ ನಿಂತಿತೋ, ಡ್ರಿಬಲ್ ಮುಗಿಯಿತು. ಅಂದರೆ ಚೆಂಡು ಕೂರುವುದೇ ತಪ್ಪಲ್ಲ. ಕೂತಮೇಲೆ ಮತ್ತೆ ಪುಟಿಸುವುದು ತಪ್ಪು. ಇದು ಫೌಲ್ ಅಲ್ಲ, ಫ್ರೀ ಥ್ರೋ ಇಲ್ಲ. ಎದುರಾಳಿಗೆ ಚೆಂಡು, ಅಷ್ಟೇ.

ಅನುಮಾನ ಬಂದಾಗ ನಾನು ಮಕ್ಕಳಿಗೆ ಕೇಳುವ ಪ್ರಶ್ನೆ ಇದು. ಆ ಕ್ಷಣದಲ್ಲಿ ಕೈಯನ್ನು ಹಾಗೇ ಕಲ್ಲಾಗಿಸಿದರೆ ಚೆಂಡು ಬೀಳುತ್ತಾ, ಕೂತಿರುತ್ತಾ? ಬೀಳುವುದಾದರೆ ಡ್ರಿಬಲ್. ಕೂತಿರುವುದಾದರೆ ಹೊತ್ತಿದ್ದೀರಿ.

ಈಗ ಕ್ರಾಸ್‌ಓವರ್ ಮಾಡೋಣ, ಬಲದಿಂದ ಎಡಕ್ಕೆ. ಚೆಂಡನ್ನು ಬಲಪಾದದ ಹೊರಗೆ ಪುಟಿಸಿ. ಅದು ಮೇಲೆ ಬರುವಾಗ ಕೈ ನೆತ್ತಿಯಿಂದ ಹೊರಬದಿಗೆ ಜಾರಲಿ. ಈ ಘಳಿಗೆಯಲ್ಲಿ ಅಂಗೈ ಎಡಗಡೆ ನೋಡುತ್ತಿರಬೇಕು, ಮೇಲಕ್ಕಲ್ಲ. ಚೆಂಡು ಸೊಂಟ ದಾಟುವ ಮೊದಲೇ ಓರೆಯಾಗಿ ಕೆಳಕ್ಕೆ ತಳ್ಳಿ, ಮೊಣಕಾಲಿನ ಮಟ್ಟಕ್ಕಿಂತ ಕೆಳಗೆ ಎಡಗೈ ಕಾಯುತ್ತಿರಲಿ. ಎದುರಾಳಿಯನ್ನು ನಂಬಿಸುವ ಕೆಲಸ ಬಲಭುಜ ಮತ್ತು ಬಲಪಾದದ್ದು. ನಾನು ಆ ಫೈನಲ್‌ನಲ್ಲಿ ಮಾಡಿದ ತಪ್ಪು ಇದೇ. ಭುಜ ಮಾಡಬೇಕಾದ ಕೆಲಸವನ್ನು ಕೈಗೆ ಕೊಟ್ಟೆ, ಕೈ ಚೆಂಡಿನ ಅಡಿಗೆ ಹೋಯಿತು.

ತಡೆದು ನುಗ್ಗುವುದು

ಇವತ್ತು ಅತಿ ಹೆಚ್ಚು ಕ್ಯಾರಿ ಆಗುವುದು ಹೆಸಿಟೇಶನ್‌ನಲ್ಲಿ. ಓಡುತ್ತಾ ಬಂದು, ಶಾಟ್ ಎಸೆಯುವವರಂತೆ ಒಂದು ಕ್ಷಣ ಎದ್ದು ನಿಂತು, ಮತ್ತೆ ನುಗ್ಗುವುದು. 2022-23ರ ಸೀಸನ್‌ನಲ್ಲಿ ಎನ್‌ಬಿಎ ರೆಫರಿಗಳು ಇದರ ಮೇಲೆ ಕಣ್ಣಿಟ್ಟು ಸೀಟಿ ಊದತೊಡಗಿದಾಗ ಚೆಂಡು ನಡೆಸುವ ಎಷ್ಟೋ ಒಳ್ಳೆಯ ಗಾರ್ಡ್‌ಗಳು ಗಲಿಬಿಲಿಯಾದರು.

ಇದಕ್ಕೊಂದು ಪ್ರಾಮಾಣಿಕ ದಾರಿ ಇದೆ. ಮೈ ನಿಲ್ಲಲಿ, ಚೆಂಡು ನಿಲ್ಲಬಾರದು. ತಡೆಯುವ ಮೊದಲಿನ ಪುಟವನ್ನು ಬೇರೆಲ್ಲ ಪುಟಗಳಿಗಿಂತ ಜೋರಾಗಿ ತಳ್ಳಿ. ಚೆಂಡು ಎದೆಯ ತನಕ ಏಳುತ್ತದೆ, ಮೇಲೆ ಹೋದಷ್ಟೂ ತುದಿಯಲ್ಲಿ ತಾನೇ ನಿಧಾನವಾಗುತ್ತದೆ. ಕೈ ಅದರ ನೆತ್ತಿಯ ಮೇಲೆ ಮೆತ್ತಗೆ ಇದ್ದು ಜೊತೆಗೆ ಮೇಲೇರಲಿ. ನಿಮಗೆ ಬೇಕಾದ ಆ ಒಂದು ಕ್ಷಣ ಪುಟದಿಂದಲೇ ಸಿಕ್ಕಿತು, ಅಂಗೈಯಿಂದ ಕದಿಯಬೇಕಾಗಿಲ್ಲ.

ಕೊನೆಯಲ್ಲಿ ಚೆಂಡು ಹಿಡಿಯುವಾಗಲೂ ಇದೇ ಲೆಕ್ಕ. ಓಡುತ್ತಾ ಹಿಡಿದರೆ, ಹಿಡಿಯುವಾಗ ನೆಲದ ಮೇಲಿರುವ ಪಾದವನ್ನು ಸೊನ್ನೆ ಅಂತ ಎಣಿಸಿ ಆಮೇಲೆ ಎರಡು ಹೆಜ್ಜೆ ಕೊಡುವ ನಿಯಮವನ್ನು ಫಿಬಾ 2017ರಲ್ಲಿ ತಂದಿತು. ಡ್ರಿಬಲ್ ಮುಗಿದದ್ದು ಯಾವಾಗ ಅಂತ ಸ್ಪಷ್ಟವಿದ್ದರೆ ಮಾತ್ರ ಆ ಹೆಜ್ಜೆಗಳನ್ನು ಸರಿಯಾಗಿ ಎಣಿಸಬಹುದು.

ಫೋನನ್ನು ಮೊಣಕಾಲಿನ ಎತ್ತರದಲ್ಲಿ, ನಿಮ್ಮ ಎದುರಿಗೆ ಇಟ್ಟು ನಿಧಾನಗತಿಯಲ್ಲಿ ರೆಕಾರ್ಡ್ ಮಾಡಿ. ಅಡಿಗೆ ಬಂದ ಕೈ ಆ ಎತ್ತರದಿಂದ ಚೆನ್ನಾಗಿ ಕಾಣುತ್ತದೆ. ಹತ್ತು ಕ್ರಾಸ್‌ಓವರ್, ಹತ್ತು ಹೆಸಿಟೇಶನ್. ಪ್ರತಿಯೊಂದನ್ನೂ ತುದಿಯಲ್ಲಿ ನಿಲ್ಲಿಸಿ ಆ ಪ್ರಶ್ನೆ ಕೇಳಿ, ಬೀಳುತ್ತಾ, ಕೂತಿರುತ್ತಾ? ಹತ್ತಕ್ಕೆ ಹತ್ತೂ ಬೀಳುವಂತಾದ ಮೇಲೆ ಎಡಗೈಗೆ ಬನ್ನಿ. ಮತ್ತೆ ಮೊದಲಿನಿಂದ, ಸೀಮೆಸುಣ್ಣದಿಂದ.