ಕಾಫಿ ಬೊಡ್ಡೆಯಿಂದ ಟೀಪಾಯಿ: ಅವಸರ ಮಾಡದಿದ್ದರೆ ಮನೆಯಲ್ಲೇ ಆಗುತ್ತೆ

ರೊಬಸ್ಟಾ ಕುಯ್ಲು ಮುಗಿದ ಮೇಲೆ ನಮ್ಮ ಚಿಕ್ಕಮಗಳೂರು ಕಡೆಯ ತೋಟಗಳಲ್ಲಿ ಹಳೇ ಗಿಡ ಕೀಳಿಸುವ ಕೆಲಸ ಶುರುವಾಗುತ್ತದೆ. ಕಿತ್ತ ಬೊಡ್ಡೆಗಳು ಬೇಲಿ ಪಕ್ಕ ರಾಶಿ ಬೀಳುತ್ತವೆ. ಆಮೇಲೆ ಒಂದೊಂದಾಗಿ ಬಚ್ಚಲ ಒಲೆ ಸೇರುತ್ತವೆ. ಅದೇ ಬೊಡ್ಡೆಗೆ ಪಾಲಿಶ್ ಹೊಡೆದು ಮೇಲೊಂದು ಗಾಜು ಇಟ್ಟರೆ ಅಂಗಡಿಯಲ್ಲಿ ಸಾವಿರಗಟ್ಟಲೆ ಬೆಲೆ. ಮನೆಯಲ್ಲೇ ಮಾಡಿಕೊಳ್ಳಬಹುದು. ದೊಡ್ಡ ಮಿಷನ್ನು ಬೇಡ. ಆದರೆ ಈ ಬೇಸಿಗೆಯಲ್ಲಿ ತಂದ ಬೊಡ್ಡೆ ಟೀಪಾಯಿ ಆಗುವುದು ಮುಂದಿನ ಬೇಸಿಗೆಗೆ, ಅಷ್ಟು ತಿಳಿದುಕೊಂಡು ಕೈ ಹಾಕಿ.

ಮೂರು ಬೇರು, ಮೂರು ಕವಲು

ಬೊಡ್ಡೆ ಆರಿಸುವಾಗ ಚೆಂದ ಆಮೇಲೆ ನೋಡಿ, ಮೊದಲು ಕಾಲು ನೋಡಿ. ಕೆಳಗೆ ಮೂರು ಕಡೆಗೆ ಹರಡಿದ ಗಟ್ಟಿ ಬೇರು, ಮೇಲೆ ಮೂರು ಕವಲು ಇರುವುದು ಸಿಕ್ಕರೆ ಬಿಡಬೇಡಿ. ಮೂರು ಕಾಲಿನದು ಎಂಥ ನೆಲದಲ್ಲೂ ಕುಂಟುವುದಿಲ್ಲ, ನಾಲ್ಕು ಕಾಲಿನದು ಕುಂಟುತ್ತದೆ. ಒಂದೇ ಕಾಂಡದ ಬೊಡ್ಡೆ ಬೇಡ, ಗಾಜು ಒಂದೇ ಕಡೆ ಕೂತು ವಾಲುತ್ತದೆ. ಹಿಂದೊಮ್ಮೆ ಬುಡಕ್ಕೆ ಕುಯ್ದು ಮತ್ತೆ ಚಿಗುರಲು ಬಿಟ್ಟ ಹಳೇ ರೊಬಸ್ಟಾ ಗಿಡಗಳಲ್ಲಿ ಇಂಥ ಕವಲು ಜಾಸ್ತಿ.

ಅರೇಬಿಕಾ ಬೊಡ್ಡೆಯೂ ಆಗುತ್ತದೆ, ಆದರೆ ಬಿಳಿ ಕಾಂಡಕೊರಕದ ಭಯ. ತೊಗಟೆ ಮೇಲೆ ಏಣು ಎದ್ದಿದ್ದರೆ ಒಳಗೆ ಹುಳ ಸುರಂಗ ಕೊರೆದಿದೆ ಎಂದೇ ಲೆಕ್ಕ. ಅಂಥದ್ದನ್ನು ಮನೆಗೆ ತರಬೇಡಿ, ತೋಟದಲ್ಲೇ ಸುಡಲಿ.

ಕುಯ್ಯುವಾಗ ಬೇರಿಗೂ ಕವಲಿಗೂ ಮೂರು ನಾಲ್ಕು ಇಂಚು ಹೆಚ್ಚಿಗೆ ಬಿಡಿ. ಒಣಗುವಾಗ ತುದಿಯೇ ಮೊದಲು ಸೀಳುವುದು. ಆ ಭಾಗ ಆಮೇಲೆ ಹೇಗೂ ಹೋಗುತ್ತದೆ.

ತೊಳೆಯುವುದು, ಸಿಪ್ಪೆ ತೆಗೆಯುವುದು

ತಂದ ವಾರದೊಳಗೆ ಸಿಪ್ಪೆ ತೆಗೆಯಿರಿ. ಹಸಿ ಇದ್ದಾಗ ಮೊಂಡು ಚಾಕುವಿಗೇ ಎದ್ದು ಬರುತ್ತದೆ, ಒಣಗಿದರೆ ಅಂಟಿಕೊಂಡು ಪ್ರಾಣ ತಿನ್ನುತ್ತದೆ. ಜೀಪು ತೊಳೆಯುವ ಪಂಪಿನಲ್ಲಿ ಜೋರಾಗಿ ನೀರು ಹಾಯಿಸಿ ಬೇರಿನ ಸಂದಿಯ ಮಣ್ಣು ಬಿಡಿಸಿ. ಉಳಿದದ್ದಕ್ಕೆ ತಂತಿ ಬ್ರಷ್ಷು. ಬೇರು ಬೆಳೆಯುತ್ತಾ ಕಲ್ಲನ್ನೇ ನುಂಗಿಕೊಂಡಿರುತ್ತದೆ. ನನ್ನ ಹೊಸ ಉಳಿಯ ಬಾಯಿ ಮುರಿದದ್ದು ಹೀಗೇ, ಕಡಲೆಬೀಜದಷ್ಟು ಜಲ್ಲಿಗೆ! ಉಳಿ ಹಿಡಿಯುವ ಮೊದಲು ಹಳೇ ಸ್ಕ್ರೂಡ್ರೈವರಿನಲ್ಲಿ ಸಂದಿ ಸಂದಿ ಕೆದಕಿ ನೋಡಿ.

ಈಗಲೇ ಕುಟ್ಟೆಗೆ, ಅಂದರೆ ಮರ ಕೊರೆದು ಹಿಟ್ಟು ಮಾಡುವ ಹುಳಕ್ಕೆ, ಔಷಧಿ. ನಾನು ಮಾಡಿದ ಮೊದಲನೇ ಟೀಪಾಯಿಗೆ ಇದನ್ನು ಮಾಡಿರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಕೆಳಗೆ ದಿನಾ ಬೆಳಿಗ್ಗೆ ಚಿಟಿಕೆ ಚಿಟಿಕೆ ಹಿಟ್ಟು. ಮನೆಯವರು ಮೈದಾ ಚೆಲ್ಲಿದ್ದು ಯಾರು ಅಂತ ಮಕ್ಕಳನ್ನು ಬೈದದ್ದೂ ಆಯಿತು. 10 ಲೀಟರ್ ಬಿಸಿನೀರಿಗೆ 360 ಗ್ರಾಂ ಬೊರಾಕ್ಸ್, 240 ಗ್ರಾಂ ಬೋರಿಕ್ ಪುಡಿ ಕರಗಿಸಿ. ಕೇರಂ ಬೋರ್ಡಿಗೆ ಉದುರಿಸುತ್ತಿದ್ದೆವಲ್ಲ, ಅದೇ ಬೋರಿಕ್. ಕೈಗೆ ಗ್ಲೌಸ್ ಹಾಕಿ, ಹಸಿ ಬೊಡ್ಡೆಗೆ ಮೂರು ನಾಲ್ಕು ಸಲ ಬಳಿಯಿರಿ. ಪ್ಲಾಸ್ಟಿಕ್ ಸುತ್ತಿ ಎರಡು ವಾರ ಬಿಡಿ. ಮರ ಹಸಿ ಇದ್ದಷ್ಟೂ ಔಷಧಿ ಒಳಕ್ಕೆ ಇಳಿಯುತ್ತದೆ. ನೀರು ಬಿದ್ದರೆ ಇದು ತೊಳೆದುಹೋಗುತ್ತದೆ, ಹಾಗಾಗಿ ಈ ಟೀಪಾಯಿ ಒಳಮನೆಗೇ ಸರಿ.

ಒಣಗಿಸುವುದು

ಬಿಸಿಲಿಗೆ ಇಡಬೇಡಿ. ಒಂದೇ ವಾರದಲ್ಲಿ ಬೆರಳು ತೂರುವಷ್ಟು ಸೀಳು ಬಿಡುತ್ತದೆ. ಕುಯ್ದ ತುದಿಗಳಿಗೆಲ್ಲ ಮನೆಯಲ್ಲಿ ಉಳಿದ ಪೇಂಟೋ ಕರಗಿಸಿದ ಮೇಣವೋ ಬಳಿದು, ಗಾಳಿಯಾಡುವ ನೆರಳಲ್ಲಿ ಇಟ್ಟಿಗೆ ಮೇಲಿಡಿ. ಜೂನ್ ಬಂತು ಅಂದರೆ ಅಟ್ಟಕ್ಕೆ ಸಾಗಿಸಿ. ಬಚ್ಚಲ ಒಲೆಯ ನೇರ ಮೇಲೆ ಬೇಡ, ಪಕ್ಕದ ಬೆಚ್ಚನೆ ಜಾಗ ಸಾಕು.

ಒಣಗಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ? ತಟ್ಟಿ ಸದ್ದು ಕೇಳುವವರಿದ್ದಾರೆ, ನನಗೆ ಆ ಕಿವಿ ಇಲ್ಲ. ನಾನು ಮೆಣಸು ತೂಗುವ ತಕ್ಕಡಿಗೆ ಹಾಕುತ್ತೇನೆ. ತಿಂಗಳಿಗೊಮ್ಮೆ ತೂಗಿ ಬೊಡ್ಡೆ ಮೇಲೇ ಸೀಮೆಸುಣ್ಣದಲ್ಲಿ ಬರೆಯಿರಿ. ಮಳೆಗಾಲದಲ್ಲಿ ತೂಕ ಸ್ವಲ್ಪ ಏರಿದರೆ ಗಾಬರಿ ಬೇಡ, ಮರ ಥಂಡಿ ಎಳೆದುಕೊಂಡಿರುತ್ತದೆ. ಬೇಸಿಗೆಯಲ್ಲಿ ಎರಡು ತಿಂಗಳು ತೂಕ ಒಂದೇ ನಿಂತರೆ ಕೆಲಸ ಶುರು ಮಾಡಿ.

ಮಟ್ಟ ಮಾಡುವುದು

ಇಲ್ಲೇ ಜಾಸ್ತಿ ಜನ ಎಡವುವುದು. ಒಂದು ಕಾಲು ಉದ್ದವಾಯಿತು ಅಂತ ಕುಯ್ಯುತ್ತಾರೆ, ಆಮೇಲೆ ಇನ್ನೊಂದು ಉದ್ದ ಕಾಣುತ್ತದೆ, ಅದನ್ನೂ ಕುಯ್ಯುತ್ತಾರೆ. ಕೊನೆಗೆ ಮಣೆ ಆಗುತ್ತದೆ.

ಗಾರೆ ನೆಲವೋ ಟೈಲ್ಸೋ, ರಸಮಟ್ಟ ಇಟ್ಟು ಸಮ ಇರುವ ಜಾಗ ಹುಡುಕಿ. ಬೊಡ್ಡೆ ನಿಲ್ಲಿಸಿ. ಟೀಪಾಯಿ ಹೇಗೆ ನಿಲ್ಲಬೇಕೋ ಹಾಗೆ ನಿಲ್ಲುವವರೆಗೆ ಬೇರಿನ ಕೆಳಗೆ ಮರದ ಚಕ್ಕೆ ತುರುಕಿ. ದೂರ ಹೋಗಿ ನಾಲ್ಕೂ ಕಡೆಯಿಂದ ನೋಡಿ. ಈಗ ಪೆನ್ಸಿಲನ್ನು ಒಂದು ಮರದ ತುಂಡಿನ ಮೇಲೆ ಮಲಗಿಸಿ. ತುಂಡು ನೆಲ ಬಿಡದಂತೆ ಸರಿಸುತ್ತಾ ಮೂರೂ ಬೇರಿನ ಸುತ್ತ ಗೆರೆ ಎಳೆಯಿರಿ. ತುಂಡಿನ ದಪ್ಪ ಎಷ್ಟಿರಬೇಕು ಅಂದರೆ, ಅತಿ ಗಿಡ್ಡ ಬೇರಿಗೂ ಗೆರೆ ಬೀಳಬೇಕು. ಗೆರೆ ಮೇಲೇ ಸಣ್ಣ ಹಲ್ಲಿನ ಗರಗಸ ಹಾಕಿ.

ಕಾಲು ಕುಯ್ದ ಮೇಲೆಯೇ ತಲೆ. ನೆಲದಿಂದ 17 ಇಂಚು ಎತ್ತರಕ್ಕೆ ಬರುವ ಹಾಗೆ ಡಬ್ಬವೋ ಪುಸ್ತಕವೋ ಪೇರಿಸಿ, ಮೇಲೆ ಪೆನ್ಸಿಲು ಮಲಗಿಸಿ, ಮೂರೂ ಕವಲಿಗೆ ಅದೇ ರೀತಿ ಗೆರೆ ಹಾಕಿ ಕುಯ್ಯಿರಿ.

ಪಾಲಿಶ್, ಗಾಜು

80ರ ಸ್ಯಾಂಡ್‌ಪೇಪರಿನಿಂದ ಶುರು ಮಾಡಿ 120, ಆಮೇಲೆ 220. ಸಣ್ಣ ಸೀಳಿಗೆ ಅದೇ ಮರದ ಹೊಟ್ಟಿಗೆ ಫೆವಿಕಾಲ್ ಕಲಸಿ ತುಂಬಿ. ಕಾಫಿಪುಡಿ ತುಂಬುವವರೂ ಇದ್ದಾರೆ, ನಾನು ಅದನ್ನು ಕುಡಿಯುತ್ತೇನೆ. ಹೊಳಪು ಬೇಕಿದ್ದರೆ ಮೆಲಮೈನ್ ಪಾಲಿಶ್. ನನಗಿಷ್ಟ ಬಾಯ್ಲ್ಡ್ ಲಿನ್ಸೀಡ್ ಎಣ್ಣೆ: ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಒರೆಸಿ, ದಿನ ಬಿಟ್ಟು ಇನ್ನೊಂದು ಕೋಟು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುವುದುಂಟು. ನೀರಲ್ಲಿ ಅದ್ದಿ, ಹೊರಗೆ ಹರಡಿ ಒಣಗಿಸಿ.

ಗಾಜು ಎರಡು ಅಡಿ ಅಗಲದ ದುಂಡು, 10 ಎಂಎಂ, ಟಫನ್ ಮಾಡಿದ್ದು (ಕಾಯಿಸಿ ಗಟ್ಟಿ ಮಾಡಿದ್ದು) ಸಾಕು. ಏಳು ಕಿಲೋ ಮೇಲೇ ತೂಗುತ್ತದೆ. ಟಫನ್ ಮಾಡಿದ ಮೇಲೆ ಕುಯ್ಯಲು ಬರುವುದಿಲ್ಲ, ಅಳತೆ ಮೊದಲೇ ಸರಿಯಾಗಿ ಕೊಡಿ. ಅಂಚು ಉಜ್ಜಿಸಿಕೊಳ್ಳಿ. ಮೂರೂ ಕವಲಿನ ತಲೆಗೆ ಪಾರದರ್ಶಕ ರಬ್ಬರ್ ಗುಂಡಿ ಅಂಟಿಸಿ ಗಾಜು ಇಳಿಸಿ.

ಈಗ ಮಕ್ಕಳ ಹತ್ತಿರ ಒಂದು ಗೋಲಿ ಇಸಕೊಂಡು ಗಾಜಿನ ನಡುವೆ ಇಡಿ. ಯಾವ ಕಡೆ ಉರುಳುತ್ತದೋ ಆ ಕಡೆಯ ರಬ್ಬರಿನ ಕೆಳಗೆ ಹಳೇ ಸೈಕಲ್ ಟ್ಯೂಬಿನ ಚೂರು ಸೇರಿಸಿ.